ಎಂಜಲಾದ ಸಾಲು

ರುಸಾಂಕಕ್ಕ ಬಾಯಿ ಮುಚ್ಚಿಕೊಂಡಳು ಅಂದರೆ ಯಾರಿಗೋ ಹೊಟ್ಟೆನೋವು ಜೋರಾಗಿದೆ ಎಂದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಅವಳ ದನಿ ಹಿಂದುಗಡೆ ಬಟ್ಟೆ ಒಗೆಯುವ ಕೋಣೆಯವರೆಗೂ ಕೇಳಿಸುತ್ತಿತ್ತು. ಚಳಿಗಾಲಕ್ಕೆ ಎಲೆಕೋಸು ಹುಳಿ ಹಾಕುವ ಬಗೆಯಿಂದ ಹಿಡಿದು ಮುಖ್ಯ ವೈದ್ಯರ ಹೆಂಡತಿಯ ಕಟ್ಟಿಸಿದ ಹಲ್ಲಿನವರೆಗೆ ಅವಳು ಬಾಯಿ ಹಾಕದ ವಿಷಯವೇ ಇರಲಿಲ್ಲ. ಆದರೆ ಡಯಾಸ್ಟೇಸ್ ಪರೀಕ್ಷೆಗೆ ಯಾರದಾದರೂ ಮೂತ್ರ ಬಂದರೆ ಅವಳು ಬಿಳಿ ಕರವಸ್ತ್ರವೊಂದನ್ನು ಮೂಗಿನಿಂದ ಗಲ್ಲದವರೆಗೆ ಬಿಗಿಯಾಗಿ ಕಟ್ಟಿಕೊಂಡು, ಪ್ರಯೋಗಾಲಯದ ಬಾಗಿಲಿಗೆ ಒಂದು ರಟ್ಟು ನೇತುಹಾಕಿ ಒಳಗೆ ಸೇರಿಬಿಡುತ್ತಿದ್ದಳು. ರಟ್ಟಿನ ಮೇಲೆ "ಸಾಲು ನಡೆಯುತ್ತಿದೆ" ಎಂದು ಬರೆದಿತ್ತು. ಆಮೇಲೆ ಮುಕ್ಕಾಲು ಗಂಟೆ ಅವಳ ಬಾಯಿಂದ ಒಂದು ಉಸಿರೂ ಹೊರಬರುತ್ತಿರಲಿಲ್ಲ. ನರ್ಸುಗಳು ಅದನ್ನು ರುಸಾಂಕಾಳ ಮೌನವ್ರತ ಎಂದು ಆಡಿಕೊಳ್ಳುತ್ತಿದ್ದರು.

ನಾನು ಅಲ್ಲಿ ಗಾಜು ತೊಳೆಯುವವಳು. ಹೆಸರು ಪೆನಾ. ಟ್ಯೂಬು, ಬಾಟಲಿ, ತಟ್ಟೆ, ನೆಲ, ಎಲ್ಲ ನನ್ನ ಕೈಯಲ್ಲೇ. ಸೇರಿದಾಗ ನನಗೆ ಮೂವತ್ತೆರಡು, ಇಬ್ಬರು ಮಕ್ಕಳು, ಗಂಡ ಸಕ್ಕರೆ ಕಾರ್ಖಾನೆಯಲ್ಲಿ. ನನ್ನ ಬಾಯಿಯ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ಆದರೂ ಹೇಳುತ್ತೇನೆ: ರುಸಾಂಕಕ್ಕನನ್ನು ಮಾತಿನಲ್ಲಿ ಹಿಂದೆ ಹಾಕಬಲ್ಲವಳು ಇಡೀ ಆಸ್ಪತ್ರೆಗೆ ನಾನೊಬ್ಬಳೇ ಇದ್ದೆ.

ಅವಳು ಬೆಟ್ಟದ ಮೇಲಿನ ಹಳ್ಳಿಯವಳು. ಚಿಕ್ಕಂದಿನಲ್ಲಿ ತಂಬಾಕಿನ ಎಲೆ ಪೋಣಿಸಿ ಪೋಣಿಸಿ ಅವಳ ಬೆರಳ ತುದಿ ಗಟ್ಟಿಯಾಗಿತ್ತು. ಬಿಸಿ ಗಾಜನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದಳು. ಪ್ರಯೋಗಾಲಯದ ಕೆಲಸಕ್ಕೆ ಎರಡು ವರ್ಷದ ಕೋರ್ಸು ಮುಗಿಸಿ ನಮ್ಮ ಊರಿಗೆ ಬಂದವಳು ಇಲ್ಲೇ ನಿಂತಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಕೇಳಿದವನ ಕಿವಿ ಮಂದ ಇತ್ತು, ನಾನು ಹ್ಞೂಂ ಅಂದಿದ್ದು ಅವನಿಗೆ ಕೇಳಿಸ್ಲೇ ಇಲ್ಲ" ಅನ್ನುತ್ತಿದ್ದಳು. ನಿಜ ಏನೆಂದು ನನಗೂ ಹೇಳಲಿಲ್ಲ. ತಾಯಿಯೊಂದಿಗೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಶನಿವಾರ ಕೂದಲಿಗೆ ವಾಲ್ನಟ್ ಎಲೆಯ ಕಷಾಯ ಹಾಕಿ ತೊಳೆಯುವಳು, ಭಾನುವಾರ ಪಕ್ಕದ ಮನೆಯವರ ಜತೆ ಜಗಳವಾಡುವಳು, ಸೋಮವಾರ ಅವರಿಗೇ ಒಂದು ಬಟ್ಟಲು ಮೊಸರು ಕೊಟ್ಟು ಬರುವಳು. ಸಾಧಾರಣ ಹೆಂಗಸು. ಆದರೆ ಅವಳ ಕೈಬರಹದ ಚೀಟಿಗೆ ಮಾತ್ರ ನಮ್ಮ ಆಸ್ಪತ್ರೆಯಲ್ಲಿ ಎದುರಾಡುವವರು ಇರಲಿಲ್ಲ.

ನಾನು ಸೇರಿದ ಮೊದಲ ವಾರದಲ್ಲೇ ಅವಳು ಒಂದು ಟ್ಯೂಬನ್ನು ನನ್ನ ಮುಖದ ಮುಂದೆ ಹಿಡಿದಳು. ಒಳಗೆ ತೆಳ್ಳನೆ ಗಂಜಿಯಂಥದ್ದು ಇತ್ತು.

"ಉಗಿ," ಅಂದಳು.

"ಎಲ್ಲಿಗಕ್ಕಾ?"

"ಇದರೊಳಗೆ. ನಿಂಗೆ ಉಗಿಯೋದನ್ನೂ ಹೇಳ್ಕೊಡ್ಬೇಕಾ?"

ಉಗಿದೆ. ಅವಳು ಅದನ್ನು ಅಲ್ಲಾಡಿಸಿ, ಉಗುಳದ ಇನ್ನೊಂದು ಗಂಜಿಯ ಟ್ಯೂಬಿನ ಜತೆ ಬಿಸಿನೀರಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎರಡಕ್ಕೂ ಎರಡೆರಡು ಹನಿ ಅಯೋಡಿನ್ ಬಿಟ್ಟಳು. ಉಗುಳದಿದ್ದದ್ದು ಶಾಯಿಯ ಹಾಗೆ ನೀಲಿಯಾಯಿತು. ನನ್ನದು ಹಳದಿಯಾಗಿಯೇ ಉಳಿಯಿತು.

"ನೋಡಿದ್ಯಾ? ಗಂಜಿ ಇದ್ರೆ ನೀಲಿ. ನಿನ್ನ ಎಂಜಲು ಗಂಜಿಯನ್ನೆಲ್ಲಾ ತಿಂದು ಹಾಕಿದೆ, ಅದಕ್ಕೇ ನೀಲಿ ಇಲ್ಲ. ನಮ್ಮ ಬಾಯಲ್ಲೊಂದು ತಿಂಡಿಪೋತ ಕೂತಿದೆ ಕಣೇ. ಹೊಟ್ಟೆ ಹಿಂದುಗಡೆ ಒಂದು ಗ್ರಂಥಿ ಇದೆಯಲ್ಲ, ಅಲ್ಲೂ ಅದರ ತಮ್ಮ ಒಬ್ಬ ಇದ್ದಾನೆ. ಗ್ರಂಥಿ ಉರಿ ಎದ್ದಾಗ ಅವನು ಅಲ್ಲಿಂದ ತಪ್ಪಿಸ್ಕೊಂಡು ರಕ್ತಕ್ಕೆ ಬರ್ತಾನೆ, ಅಲ್ಲಿಂದ ಮೂತ್ರಕ್ಕೆ. ಎಷ್ಟು ಬಂದಿದ್ದಾನೆ ಅಂತ ನಾನು ನೋಡ್ತೀನಿ."

ಪುಸ್ತಕದಲ್ಲಿ ಅದಕ್ಕೆ ಡಯಾಸ್ಟೇಸ್ ಎಂಬ ಕಿಣ್ವ ಎಂದು ಹೆಸರು. ಅವಳು ಕೊನೆಯವರೆಗೂ ತಿಂಡಿಪೋತ ಎಂದೇ ಕರೆದಳು.

ನೋಡುವ ಬಗೆ ಹೀಗಿತ್ತು. ಮರದ ಸ್ಟ್ಯಾಂಡಿನಲ್ಲಿ ಹನ್ನೆರಡು ಟ್ಯೂಬು ಸಾಲಾಗಿ ನಿಲ್ಲಿಸಿ, ಎಲ್ಲದಕ್ಕೂ ಸಮನಾಗಿ ಉಪ್ಪುನೀರು ಹಾಕುವಳು. ಮೊದಲನೆಯದಕ್ಕೆ ರೋಗಿಯ ಮೂತ್ರ ಬೆರೆಸಿ, ಅದರಲ್ಲಿ ಅರ್ಧ ಎರಡನೆಯದಕ್ಕೆ, ಎರಡನೆಯದರಲ್ಲಿ ಅರ್ಧ ಮೂರನೆಯದಕ್ಕೆ, ಹೀಗೆ ಕೊನೆಯವರೆಗೆ. ಮುಂದೆ ಮುಂದೆ ಹೋದಷ್ಟೂ ತೆಳು. ಆಮೇಲೆ ಎಲ್ಲದಕ್ಕೂ ಗಂಜಿ, ಅರ್ಧ ಗಂಟೆ ಬಿಸಿನೀರು, ಕೊನೆಗೆ ಅಯೋಡಿನ್. ಐದನೆಯ ಟ್ಯೂಬಿನವರೆಗೆ ಹಳದಿಯಾಗಿ ಆರರಿಂದ ನೀಲಿ ಬಂದರೆ ಗ್ರಂಥಿ ಚೆನ್ನಾಗಿದೆ. ಎಂಟು, ಒಂಬತ್ತರವರೆಗೂ ಹಳದಿ ಹೋದರೆ ಗ್ರಂಥಿ ಉರಿಯುತ್ತಿದೆ. ಉರಿಯುತ್ತಿದ್ದರೆ ಹೊಟ್ಟೆ ಕೊಯ್ಯಬಾರದು. ಉಪವಾಸ ಹಾಕಿ, ಮಂಜುಗಡ್ಡೆ ಇಟ್ಟು ಮಲಗಿಸಬೇಕು. ಗ್ರಂಥಿ ಚೆನ್ನಾಗಿದ್ದೂ ಹೊಟ್ಟೆ ಹಲಗೆಯ ಹಾಗೆ ಬಿಗಿದಿದ್ದರೆ, ಒಳಗೆ ಬೇರೇನೋ ಒಡೆದಿದೆ ಎಂದು ಅರ್ಥ. ಆಗ ಕೊಯ್ಯಬೇಕು, ಅದೂ ಬೇಗ. ಮಲಗಿಸುವುದೋ ಕೊಯ್ಯುವುದೋ ಎಂದು ಸರ್ಜನ್ ಬಲ್ತಾಜಿಯೆವ್ ಕಾಯುತ್ತಿದ್ದದ್ದು ಅವಳ ಆ ಚೀಟಿಗೆ.

ಕರವಸ್ತ್ರ ಏಕೆ ಎಂದು ಇನ್ನು ಹೇಳಬೇಕಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಗಾಜಿನ ಕೊಳವೆಯನ್ನು ಬಾಯಲ್ಲಿ ಕಚ್ಚಿ ಹೀರಿ ಅಳೆಯುತ್ತಿದ್ದ ಕಾಲ ಅದು. ಇವಳು ಮಕ್ಕಳ ಕಿವಿ ತೊಳೆಯುವ ರಬ್ಬರ್ ಉಂಡೆಯನ್ನು ಕೊಳವೆಯ ತಲೆಗೆ ಸಿಕ್ಕಿಸಿಕೊಂಡಿದ್ದಳು. ಮಾತಾಡಿದರೆ, ಕೆಮ್ಮಿದರೆ, ನಕ್ಕರೆ ಒಂದು ಕಾಣದ ಹನಿ ಟ್ಯೂಬಿಗೆ ಬೀಳುತ್ತದೆ. ಆ ಹನಿಯೊಳಗಿನ ತಿಂಡಿಪೋತ ಸಾಲಿನ ಲೆಕ್ಕವನ್ನೇ ಕೆಡಿಸುತ್ತದೆ. "ಸಾಲು ಎಂಜಲಾಗಬಾರದು" ಅನ್ನುತ್ತಿದ್ದಳು. ಎಂಜಲಾಗಿದೆ ಎಂದು ಅನುಮಾನ ಬಂದರೆ ಹನ್ನೆರಡನ್ನೂ ಚೆಲ್ಲಿ ಮೊದಲಿನಿಂದ ಶುರು. ಒಮ್ಮೆ ಮುಖ್ಯ ವೈದ್ಯರೇ ಬಾಗಿಲು ತೆಗೆದು "ಏನಮ್ಮಾ, ಆಯ್ತಾ?" ಅಂದದ್ದಕ್ಕೆ ಅವರ ಕಣ್ಣೆದುರಿಗೇ ಇಡೀ ಸಾಲನ್ನು ನನ್ನ ತೊಟ್ಟಿಗೆ ಸುರಿದಿದ್ದಳು. ಅವರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಈಗ ಆ ಫೆಬ್ರವರಿಯ ಮಾತಿಗೆ ಬರುತ್ತೇನೆ. ಹಿಂದಿನ ದಿನ ಸಂತ ಟ್ರಿಫೋನನ ಹಬ್ಬ, ದ್ರಾಕ್ಷಿ ಬಳ್ಳಿಗೆ ವರ್ಷದ ಮೊದಲ ಕತ್ತರಿ ಹಾಕುವ ದಿನ. ನನ್ನ ತವರು ಮಾವ್ರುದೊವೊದಲ್ಲಿ ಆ ವರ್ಷ ತೋಟದ ಮೇಸ್ತ್ರಿ ದೊಂಚೊನನ್ನು ದ್ರಾಕ್ಷಿಯ ರಾಜನನ್ನಾಗಿ ಆರಿಸಿದ್ದರು. ರಾಜ ಅಂದರೆ ಬಳ್ಳಿಯ ಕಿರೀಟ ಹಾಕಿಸಿಕೊಂಡು, ನಾಲ್ವರ ಹೆಗಲೇರಿ ಮನೆಮನೆಗೂ ಹೋಗಬೇಕು, ಪ್ರತಿ ಬಾಗಿಲಲ್ಲೂ ಕೊಟ್ಟ ವೈನನ್ನು ಕುಡಿಯಬೇಕು. ಎಷ್ಟು ಕುಡಿದರೆ ಅಷ್ಟು ಬೆಳೆ. ನೂರಿಪ್ಪತ್ತು ಬಾಗಿಲಿನ ಊರು ನಮ್ಮದು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅದೇ ದೊಂಚೊನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ಮುಖ ಸುಣ್ಣದ ಹಾಗಿತ್ತು. ಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಬಲ್ತಾಜಿಯೆವ್ ಡಾಕ್ಟರು ಬಗ್ಗಿ ನೋಡಿದರು.

"ನಿನ್ನೆ ಎಷ್ಟು ಬಾಗಿಲು ಆಯ್ತು ಮಹಾರಾಜರದ್ದು?"

"ಎಲ್ಲಾ ಬಾಗಿಲೂ," ಅಂದ ಟ್ರ್ಯಾಕ್ಟರಿನವನು, ಹೆಮ್ಮೆಯಿಂದ.

"ಅವ್ರು ಕುಡಿಯಲ್ಲ ಡಾಕ್ಟ್ರೇ," ಎಂದು ದೊಂಚೊನ ಹೆಂಡತಿ ಗಿನ್ಕಾ ಹಿಂದಿನಿಂದ ಸಣ್ಣಗೆ ಅಂದಳು. ನರ್ಸು ನಕ್ಕಳು. ಟ್ರಿಫೋನನ ಮರುದಿನ ಆಸ್ಪತ್ರೆಯ ಬಾಗಿಲಿಗೆ ಬರುವ ಪ್ರತಿ ಹೆಂಡತಿಯೂ ಅದನ್ನೇ ಹೇಳುತ್ತಾಳೆ.

"ಗ್ರಂಥಿಯೇ ಇರ್ಬೇಕು, ಅಷ್ಟು ಕುಡಿದ್ರೆ ಅದು ಉರಿ ಏಳದೆ ಇರತ್ತಾ," ಅಂದರು ಡಾಕ್ಟರು. "ಆದ್ರೂ ರುಸಾಂಕಾ ಅವರ ಚೀಟಿ ಬರ್ಲಿ. ಒಡೆದಿದ್ರೆ ಇವತ್ತೇ ಕೊಯ್ಬೇಕು, ಇಲ್ದಿದ್ರೆ ಉಳಿಯಲ್ಲ."

ಮೂತ್ರದ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಮುಚ್ಚಳ ಭದ್ರವಾಗಿತ್ತು, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ತಂದು ಮೇಜಿನ ಮೇಲಿಟ್ಟೆ. ರುಸಾಂಕಕ್ಕ ಕರವಸ್ತ್ರ ಕಟ್ಟಿ, ರಟ್ಟು ನೇತುಹಾಕಿ ಬಂದಳು. ಆ ಹೊತ್ತಿಗೆ ನಾನು ಹೊರಗೆ ಹೋಗಬೇಕು, ಇಲ್ಲವೇ ಮೂಲೆಯ ತೊಟ್ಟಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಆದರೆ ಹಿಂದಿನ ದಿನ ತವರಿಗೆ ಹೋಗಿ ನಾನು ಕಣ್ಣಾರೆ ಕಂಡು ಬಂದದ್ದನ್ನು ಹೇಳದೆ ಇರಲಾಗಲಿಲ್ಲ.

"ಒಂದೇ ಮಾತು ಅಕ್ಕಾ, ಒಂದೇ," ಅಂದೆ. ಅವಳು ಮೊದಲ ಟ್ಯೂಬಿಗೆ ಮೂತ್ರ ಬೆರೆಸುತ್ತಿದ್ದಳು. ಬೇಡವೆಂದು ಕೈ ಬೀಸಿದಳು. ನಾನು ಮೇಜಿನ ಪಕ್ಕಕ್ಕೇ ಹೋಗಿ ನಿಂತೆ. "ಸ್ಕೂಲಿನ ಹತ್ರ ಕೆಸರಲ್ಲಿ ಜಾರಿ ನಾಲ್ಕು ಜನಾನೂ ಬಿದ್ರು. ರಾಜ ಹೋಗಿ ದನ ನೀರು ಕುಡಿಯೋ ತೊಟ್ಟೀಲಿ ಕೂತ. ಕೈಯಲ್ಲಿ ವೈನಿನ ಬಟ್ಟಲು ಹಂಗೇ ಮೇಲೆ, ಒಂದು ತೊಟ್ಟೂ ಚೆಲ್ಲಿಲ್ಲ. ಅಷ್ಟೊತ್ತಿಗೆ ಕತ್ತೆ ಬಂತು. ಬಂದು, ತಲೆ ಮೇಲಿನ ಕಿರೀಟನ ತಿನ್ನೋಕೆ ಶುರು ಮಾಡ್ತು. ಇವನು ಕದಲಲ್ಲ. ರಾಜನ ಗತ್ತು ನೋಡು, ಕತ್ತೆಗೆ 'ಸಾಕಾ ತಾಯಿ' ಅಂತಾನೆ."

ಅಷ್ಟು ಹೇಳುವುದರೊಳಗೆ ನನಗೇ ನಗು ತಡೆಯಲಾಗಲಿಲ್ಲ. ಬಾಯಿ ತುಂಬ ನಕ್ಕೆ, ಅಲ್ಲೇ, ಸಾಲಿನ ಮೇಲೆ ಬಗ್ಗಿಕೊಂಡು. ರುಸಾಂಕಕ್ಕ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಕರವಸ್ತ್ರದ ಮೇಲೆ ಅವಳ ಕಣ್ಣೂ ನಗುತ್ತಿತ್ತು. ಆಮೇಲೆ ಆ ಕಣ್ಣು ಮೊದಲ ಟ್ಯೂಬಿನ ಕಡೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ ನರ್ಸು ಎರಡನೆಯ ಸಲ ಬಾಗಿಲು ಬಡಿದಳು. ರುಸಾಂಕಕ್ಕ ನನಗೆ ಹೊರಗೆ ಹೋಗೆಂದು ಬೆರಳು ತೋರಿಸಿ, ಮೊದಲನೆಯದರಲ್ಲಿ ಅರ್ಧವನ್ನು ಎರಡನೆಯದಕ್ಕೆ ಹಾಕಿದಳು.

ಚೆಲ್ಲಲಿಲ್ಲ. ಅಷ್ಟು ವರ್ಷದಲ್ಲಿ ಅನುಮಾನದ ಸಾಲನ್ನು ಅವಳು ಮುಂದಕ್ಕೆ ಬಿಟ್ಟದ್ದು ಅದೊಂದೇ ಸಲ.

ಅಯೋಡಿನ್ ಬಿಟ್ಟಾಗ ಒಂಬತ್ತನೆಯ ಟ್ಯೂಬಿನವರೆಗೂ ಹಳದಿ. ಚೀಟಿ ಬರೆದು ಕಳಿಸಿದಳು. ಬಲ್ತಾಜಿಯೆವ್ ಡಾಕ್ಟರು ಓದಿ, "ನಾನು ಹೇಳಿರ್ಲಿಲ್ವಾ, ಮಹಾರಾಜರು ಗ್ರಂಥಿಗೇ ತೀರ್ಥ ಕುಡಿಸಿದ್ದಾರೆ" ಅಂದರಂತೆ. ದೊಂಚೊನಿಗೆ ಉಪವಾಸ ಹಾಕಿ, ಹೊಟ್ಟೆಯ ಮೇಲೆ ಮಂಜುಗಡ್ಡೆ ಇಟ್ಟು ಮಲಗಿಸಿದರು. ಶಸ್ತ್ರಚಿಕಿತ್ಸೆಯ ಕೋಣೆ ಬೆಚ್ಚಗಾಗಲೆಂದು ಹಚ್ಚಿದ್ದ ಒಲೆಯನ್ನು ಆರಿಸಿದರು.

ಹನ್ನೊಂದರ ಹೊತ್ತಿಗೆ ನಾನು ಓಣಿಯ ನೆಲ ಒರೆಸುತ್ತಿದ್ದೆ. ನಮ್ಮ ಬಾಗಿಲ ಪಕ್ಕದ ಬೆಂಚಿನ ಮೇಲೆ ಗಿನ್ಕಾ ಕೂತಿದ್ದಳು. ವಾರ್ಡಿನೊಳಗೆ ಬಿಟ್ಟಿರಲಿಲ್ಲ. ಒಂದೇ ಊರಿನವರು, ಸುಮ್ಮನೆ ಹೋಗಲಾಗುತ್ತದೆಯೇ? ಒಳಗೆ ಕರೆದು, ಲಿಂಡನ್ ಹೂವಿನ ಚಹಾ ಕೊಟ್ಟೆ. ರುಸಾಂಕಕ್ಕ ಮೇಜಿನ ಹತ್ತಿರ ಯಾರದೋ ರಕ್ತ ನೋಡುತ್ತಿದ್ದಳು.

"ಇಷ್ಟು ಕುಡಿಯೋಕೆ ಬಿಟ್ಟಿದ್ದು ನಿಂದೇ ತಪ್ಪು ಗಿನ್ಕಾ," ಅಂದೆ ನಾನು, ದೊಡ್ಡ ಬುದ್ಧಿವಂತೆಯ ಹಾಗೆ.

ಗಿನ್ಕಾ ಬಟ್ಟಲು ಕೆಳಗಿಟ್ಟಳು. "ನಿಮ್ಮಿಬ್ರಿಗೆ ಹೇಳ್ತೀನಿ. ಹೊರಗೆ ಹೋಗಬಾರ್ದು. ಊರಲ್ಲಿ ಗೊತ್ತಾದ್ರೆ ಅವ್ರು ತಲೆ ಎತ್ತೋ ಹಂಗಿಲ್ಲ."

"ಏನು?"

"ಅವ್ರು ಒಂದು ತೊಟ್ಟೂ ಕುಡಿಯಲ್ಲ. ಒಂದು ಗುಟುಕು ಒಳಗೆ ಹೋದ್ರೆ ಮೈಯೆಲ್ಲಾ ದದ್ದು ಏಳತ್ತೆ. ಹಿಂಗಾಗಿ ಹನ್ನೆರಡು ವರ್ಷ ಆಯ್ತು. ದ್ರಾಕ್ಷಿ ತೋಟದ ಮೇಸ್ತ್ರಿ ವೈನ್ ಕುಡಿಯಲ್ಲ ಅಂದ್ರೆ ನಗಲ್ವಾ ಜನ? ಅದಕ್ಕೇ ದೊಡ್ಡ ರಬ್ಬರ್ ಬೂಟು ಹಾಕ್ಕೊಂಡು ಹೋಗ್ತಾರೆ. ಬಟ್ಟಲನ್ನ ತುಟಿಗಿಟ್ಟು ಹಿಂಗೆ ಕೆಳಗೆ ಇಳಿಸ್ತಾರೆ, ಬಗ್ಗಿ ಯಾರಿಗೋ ಕೈ ಕೊಡೋ ಹಂಗೆ ಮಾಡಿ ಬೂಟಿಗೆ ಸುರೀತಾರೆ. ಸಾಯಂಕಾಲ ನಾನೇ ಬಗ್ಗಿಸಿದ್ದು. ಎರಡು ಬೂಟಿಂದ ಅರ್ಧ ಬಕೆಟ್ ಬಂತು."

ಬೇರೆ ದಿನವಾಗಿದ್ದರೆ ನಾನು ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದೆ. ನಗು ಬರಲಿಲ್ಲ. ರುಸಾಂಕಕ್ಕ ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ನೋವು ಯಾವಾಗ ಶುರುವಾಯ್ತು?" ಎಂದು ಕೇಳಿದಳು.

"ನಿನ್ನೆ ಬೆಳಿಗ್ಗೇನೇ ಸ್ವಲ್ಪ ಇತ್ತಂತೆ. ರಾಜನಾಗಿ ಹೊರಟ ಮೇಲೆ ಹೊಟ್ಟೆನೋವು ಅಂತ ಹೆಂಗೆ ಇಳಿಯೋದು ಅಂತ ಹೇಳ್ಲಿಲ್ಲ."

ರುಸಾಂಕಕ್ಕ ಎದ್ದಳು. ದೊಂಚೊನ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದಳು. "ಪೆನಾ, ಇವಳನ್ನ ಹೊರಗೆ ಕರ್ಕೊಂಡು ಹೋಗು. ನೀನೂ ಹೋಗು. ಬಾಗಿಲ ಹತ್ರ ಯಾರೂ ಬರಬಾರ್ದು, ಮುಖ್ಯ ವೈದ್ಯರು ಬಂದ್ರೂ ಸರಿ."

ಈ ಸಲ ಎರಡು ಸಾಲು ಒಟ್ಟಿಗೇ ಇಟ್ಟಳು. ನಾನು ಗಿನ್ಕಾಳ ಪಕ್ಕ ಬೆಂಚಿನ ಮೇಲೆ ಕೂತೆ. ಮುಕ್ಕಾಲು ಗಂಟೆ. ನನ್ನ ಜೀವಮಾನದಲ್ಲಿ ಎಚ್ಚರವಾಗಿದ್ದೂ ಅಷ್ಟು ಹೊತ್ತು ಮಾತಾಡದೆ ಕೂತದ್ದು ಅದೇ ಮೊದಲು. ವಾರ್ಡಿನಿಂದ ಬಂದ ನರ್ಸೊಬ್ಬಳು, ರಾಜನಿಗೆ ಜ್ವರ ಏರುತ್ತಿದೆ, ನಾಡಿ ಸಣ್ಣಗಾಗುತ್ತಿದೆ ಎಂದು ಇನ್ನೊಬ್ಬಳಿಗೆ ಹೇಳುತ್ತಾ ಹೋದಳು. ಗಿನ್ಕಾ ನನ್ನ ಕೈ ಹಿಡಿದುಕೊಂಡಳು. ನನಗೆ ಆ ಕೈ ಬಿಡಿಸಿಕೊಂಡು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಅವಳ ಗಂಡನನ್ನು ಕೊಲ್ಲುತ್ತಿರುವುದು ನನ್ನ ನಗು ಎಂದು ಅವಳಿಗೆ ಗೊತ್ತಿರಲಿಲ್ಲ.

ಬಾಗಿಲು ತೆರೆಯಿತು. ರುಸಾಂಕಕ್ಕ ಕರವಸ್ತ್ರವನ್ನು ಕುತ್ತಿಗೆಗೆ ಇಳಿಸಿಕೊಂಡಿದ್ದಳು. ಎರಡು ಸ್ಟ್ಯಾಂಡನ್ನೂ ತಟ್ಟೆಯ ಮೇಲಿಟ್ಟು ನನ್ನ ಕೈಗೆ ಕೊಟ್ಟಳು. "ಹಿಡ್ಕೊಂಡು ಬಾ. ಅಲ್ಲಾಡಿಸ್ಬೇಡ." ನೋಡಿದೆ. ಎರಡರಲ್ಲೂ ಹಳದಿ ಐದಕ್ಕೇ ನಿಂತಿತ್ತು. ಆರರಿಂದ ಆಚೆ ಅಚ್ಚ ನೀಲಿ.

ಬಲ್ತಾಜಿಯೆವ್ ಡಾಕ್ಟರು ತಮ್ಮ ಕೋಣೆಯಲ್ಲಿ ಹುರುಳಿ ಸೂಪು ಕುಡಿಯುತ್ತಾ ಕೂತಿದ್ದರು.

"ಬೆಳಿಗ್ಗೆ ಕೊಟ್ಟ ಚೀಟಿ ವಾಪಸ್ ಕೊಡಿ ಡಾಕ್ಟ್ರೇ," ಅಂದಳು ರುಸಾಂಕಕ್ಕ. "ಅದು ತಪ್ಪು."

"ಏನಂದ್ರಿ?"

"ಸಾಲು ಎಂಜಲಾಗಿತ್ತು. ಅದೇ ಬಾಟಲಿಯಿಂದ ಮತ್ತೆ ಎರಡು ಸಾಲು ಮಾಡಿದ್ದೀನಿ. ಗ್ರಂಥಿ ಚೆನ್ನಾಗಿದೆ. ನೋಡಿ."

ಡಾಕ್ಟರು ನನ್ನ ಕೈಯ ತಟ್ಟೆ ನೋಡಿದರು. ಚಮಚ ಕೆಳಗಿಟ್ಟರು. "ಇಪ್ಪತ್ತು ವರ್ಷದಲ್ಲಿ ನಿಮ್ಮ ಬಾಯಲ್ಲಿ ಈ ಮಾತು ಕೇಳಿರ್ಲಿಲ್ಲ."

"ಇವತ್ತು ಕೇಳಿ. ಆಮೇಲೆ ಬೈಯೋರಂತೆ, ಮೊದ್ಲು ಅವನನ್ನ ನೋಡಿ."

"ಎಂಜಲಾಗಿದ್ದು ಹೇಗೆ? ಯಾರು ಮಾತಾಡಿದ್ದು?"

"ಸಾಲು ನಂದು," ಅಂದಳು.

ಡಾಕ್ಟರು ಅವಳ ಮುಖ ನೋಡಿದರು. ಕರವಸ್ತ್ರ ಬಿಗಿದಿದ್ದ ಗೆರೆ ಮೂಗಿನ ಮೇಲೆ ಕೆಂಪಗೆ ಮೂಡಿತ್ತು. ಆಮೇಲೆ ನನ್ನ ಕಡೆ ನೋಡಿದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ನಾನೇ ಡಾಕ್ಟ್ರೇ, ನಾನು ನಕ್ಕೆ. ನಾಲ್ಕು ಪದ. ನಾಲಿಗೆಯ ತುದಿಗೆ ಬಂದಿತ್ತು. ಗಾಜು ತೊಳೆಯುವವಳನ್ನು ತೆಗೆದುಹಾಕಲು ಯಾರೂ ಎರಡು ಸಲ ಯೋಚಿಸಬೇಕಿಲ್ಲ ಎಂಬ ಮಾತು ಅದರ ಹಿಂದೆಯೇ ಬಂತು. ನಾನು ಟ್ಯೂಬುಗಳನ್ನು ನೋಡುತ್ತಾ ನಿಂತೆ. ಡಾಕ್ಟರು ಕಾಯಲಿಲ್ಲ, ಎದ್ದು ಓಡಿದರು.

ಒಂದು ಗಂಟೆಗೆ ಕೊಯ್ದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು. ಇನ್ನೆರಡು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ. ಹನ್ನೆರಡು ದಿನ ದೊಂಚೊ ಸಾವು ಬದುಕಿನ ನಡುವೆ ತೂಗಾಡಿದ. ಹದಿಮೂರನೆಯ ದಿನ ಎದ್ದು ಕೂತು ಮೊಸರು ಕೇಳಿದ. ಬೂಟಿನ ಗುಟ್ಟನ್ನು ರುಸಾಂಕಕ್ಕ ಯಾರಿಗೂ ಹೇಳಲಿಲ್ಲ. ಹೇಗೆ ಅನುಮಾನ ಬಂತು ಎಂದು ಡಾಕ್ಟರು ಕೇಳಿದಾಗಲೂ, "ಹೆಂಗಸ್ರು ಏನೋ ಮಾತಾಡ್ಕೊಂಡ್ವಿ" ಅಂದಳು ಅಷ್ಟೇ. ದೊಂಚೊ ಮುಂದೆ ಇನ್ನೂ ಮೂರು ಸಲ ರಾಜನಾದ. ಈಗ ಅವನೂ ಇಲ್ಲ, ಗಿನ್ಕಾಳೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನುಷ್ಯ ಉಳಿದನಲ್ಲ, ಅಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಮುಗಿಯಲಿಲ್ಲ. ಸಾಲಿನ ಪುಸ್ತಕದಲ್ಲಿ ಆ ದಿನದ ಪುಟಕ್ಕೆ ರುಸಾಂಕಕ್ಕ ತಾನೇ ಕೆಂಪು ಶಾಯಿಯಲ್ಲಿ ಬರೆದಿದ್ದಳು: "ಮೊದಲ ಸಾಲು ಎಂಜಲು. ಗೊತ್ತಿದ್ದೂ ಚೆಲ್ಲಲಿಲ್ಲ." ಮುಖ್ಯ ವೈದ್ಯರು ಅದನ್ನು ಓದಿದರು. ತಿಂಗಳ ಕೊನೆಯ ಸಭೆಯಲ್ಲಿ ಎಲ್ಲರೆದುರು ಅವಳನ್ನು ನಿಲ್ಲಿಸಿ ಎಚ್ಚರಿಕೆಯ ಪತ್ರ ಓದಿದರು. ಬಾಗಿಲ ಬಳಿ ಒಳ್ಳೆಯ ಕೆಲಸಗಾರರ ಫೋಟೋ ಹಾಕುವ ಹಲಗೆಯಿತ್ತು, ಅದರಲ್ಲಿ ಒಂಬತ್ತು ವರ್ಷದಿಂದ ಇದ್ದ ಅವಳ ಫೋಟೋ ತೆಗೆಸಿದರು. ಬಲ್ತಾಜಿಯೆವ್ ಡಾಕ್ಟರು ಎದ್ದು, "ತಪ್ಪನ್ನ ತಾನೇ ಬಂದು ಹೇಳಿದವಳು ಈ ಕೋಣೆಯಲ್ಲಿ ಇವಳೊಬ್ಬಳೇ" ಎಂದು ವಾದ ಮಾಡಿದರು. ಹಾಗೆ ಹೇಳುವಾಗ ಮೂರನೆಯ ಸಾಲಿನ ಕಡೆ, ಅಂದರೆ ನಾನು ಕೂತಿದ್ದ ಕಡೆ, ಅವರು ಬೇಕೆಂದೇ ನೋಡಿದರೋ ನನಗೆ ಹಾಗನ್ನಿಸಿತೋ ತಿಳಿಯದು. ಕೈ ಎತ್ತಿದ್ದರೆ ಸಾಕಿತ್ತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಇನ್ನೂ ಜಾಸ್ತಿ ಮಾತಾಡುವವಳು. ಮರುದಿನದಿಂದ ಕೆಲಸದಲ್ಲಿ ಅವಳಿಗೆ ಇಲ್ಲದ ಉಪಚಾರ ಮಾಡತೊಡಗಿದೆ. ಮನೆಯಿಂದ ಬಾನಿತ್ಸಾ ಎಂಬ ಪದರದ ರೊಟ್ಟಿ ಸುಟ್ಟು ತಂದೆ, ಅದರೊಳಗೆ ಚೀಸು ಎರಡು ಪಟ್ಟು. ಅವಳು ತಿಂದಳು, ಚೆನ್ನಾಗಿದೆ ಅಂದಳು. ಮುಖ್ಯ ವೈದ್ಯರನ್ನು ನಾನು ಬೈದರೆ ಸುಮ್ಮನೆ ಕೇಳಿಸಿಕೊಂಡಳು. ಒಂದೆರಡು ಸಲ, ನಾನು ಏನೋ ಹೇಳಲು ಬಾಯಿ ತೆರೆದಾಗ, ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅದು ಎಲೆಕೋಸಿನ ಮಾತೋ ಮಕ್ಕಳ ಕೆಮ್ಮಿನ ಮಾತೋ ಆಗಿರುತ್ತಿತ್ತು. ಅವಳು ಮತ್ತೆ ತಿರುಗಿಕೊಳ್ಳುತ್ತಿದ್ದಳು.

ಅವಳ ಚೀಟಿಯ ಬೆಲೆ ಇಳಿಯಲಿಲ್ಲ. ಬಲ್ತಾಜಿಯೆವ್ ಡಾಕ್ಟರು ಮುಂದೆಯೂ ಅದಕ್ಕೇ ಕಾದರು. ಅವಳು ಮಾತ್ರ ಅಂದಿನಿಂದ ಯಾವ ಹೊಟ್ಟೆಗೂ ಎರಡು ಸಾಲು ಇಡದೆ ಚೀಟಿ ಬರೆಯಲಿಲ್ಲ. ತಾಯಿ ಸತ್ತ ವಾರವೂ ಬಂದು ಎರಡು ಸಾಲು ಇಟ್ಟು ಹೋದಳು. ಫೋಟೋವನ್ನು ಎರಡು ವರ್ಷದ ಮೇಲೆ ಮತ್ತೆ ಹಾಕುತ್ತೇವೆ ಅಂದಾಗ, "ಆಗಿನದು ಬೇಡ, ಈಗ ಹಲ್ಲು ಬಿದ್ದಿದೆ, ಹೊಸದು ತೆಗೀರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗೆ ಹನ್ನೊಂದು ವರ್ಷ ಜತೆಯಲ್ಲೇ ಕೆಲಸ ಮಾಡಿದೆವು. ಆಮೇಲೆ ರಾಜಧಾನಿಯಿಂದ ಒಂದು ಯಂತ್ರ ಬಂತು. ಗಂಜಿಯೂ ಬೇಡ, ಅಯೋಡಿನ್ನೂ ಬೇಡ, ರಕ್ತ ಇಟ್ಟರೆ ತಾನೇ ಅಂಕಿ ತೋರಿಸುತ್ತದೆ. ಅದು ಬಂದ ವರ್ಷವೇ ಅವಳಿಗೆ ನಿವೃತ್ತಿ. ಕೊನೆಯ ದಿನ ಕೇಕು ಕತ್ತರಿಸಿ, ಭಾಷಣ ಮಾಡಿ, ಮುಖ್ಯ ವೈದ್ಯರು ಗಡಿಯಾರ ಕೊಟ್ಟರು. ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅವಳು ಖಾನೆಯಿಂದ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು, ನಾನು ತಟ್ಟೆ ತೊಳೆಯುತ್ತಿದ್ದೆ. ಬೆನ್ನು ತೋರಿಸಿಕೊಂಡೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಹನ್ನೊಂದು ವರ್ಷವಾದ ಮೇಲೂ ಇರಲಿಲ್ಲ.

"ಅಕ್ಕಾ, ಆ ದೊಂಚೊನ ದಿನ... ನನ್ನ ಹೆಸರು ನೀನು ಯಾಕೆ ಹೇಳ್ಲಿಲ್ಲ?"

ಅವಳು ಚೀಲದ ಬಾಯಿ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿದಳು.

"ನೀನು ನಕ್ಕಿದ್ದು ನಿನ್ನ ತಪ್ಪು ಪೆನಾ. ಅದನ್ನ ನೋಡಿಯೂ ಚೆಲ್ಲದೆ ಇದ್ದಿದ್ದು ನನ್ನ ತಪ್ಪು. ನಂದನ್ನ ನಾನು ಹೇಳಿದೆ. ನಿಂದನ್ನ ನಾನು ಹೇಳೋದು ಹೆಂಗೆ?" ಅಂದಳು. ಸ್ವಲ್ಪವೂ ಕೋಪ ಇರಲಿಲ್ಲ. "ನೀನು ಹೇಳ್ತೀಯ ಅಂತ ಕಾದೆ. ಆ ಸಭೆವರೆಗೂ ಕಾದೆ."

"ಆಮೇಲೆ?"

"ಆಮೇಲೆ ಬಿಟ್ಟೆ. ನೀನು ಚೆನ್ನಾಗೇ ಮಾತಾಡ್ತಿದ್ಯಲ್ಲ, ಬೇರೆ ಎಲ್ಲಾ ವಿಷಯ."

ಚೀಲ ಎತ್ತಿಕೊಂಡು, ನನ್ನ ಒದ್ದೆ ಕೈಯನ್ನು ಒಮ್ಮೆ ಹಿಡಿದು, ಬಾಗಿಲು ಹಾಕಿಕೊಂಡು ಹೋದಳು. ಮುಖ್ಯ ವೈದ್ಯರು ಇನ್ನೂ ಮೇಲಿನ ಕೋಣೆಯಲ್ಲೇ ಇದ್ದರು. ಕೆಂಪು ಶಾಯಿಯ ಪುಸ್ತಕ ಕಪಾಟಿನಲ್ಲೇ ಇತ್ತು. ಇಪ್ಪತ್ತು ಮೆಟ್ಟಿಲು ಹತ್ತಿ ಹೋಗಿ ಹೇಳಿದ್ದರೆ ಆಗುತ್ತಿತ್ತು. ಅಷ್ಟು ವರ್ಷ ಕಳೆದ ಮೇಲೆ ಅದಕ್ಕಾಗಿ ನನ್ನನ್ನು ಯಾರೂ ಕೆಲಸದಿಂದ ತೆಗೆಯುತ್ತಲೂ ಇರಲಿಲ್ಲ. ಆದರೂ ನಾನು ತಟ್ಟೆಗಳನ್ನು ತೊಳೆದು, ಒರೆಸಿ, ಬಟ್ಟೆ ಬದಲಿಸಿಕೊಂಡು ಮನೆಗೆ ಹೋದೆ.